ಅತ್ತೆಯ ಬೆನ್ನಿನ ಪಟ್ಟಿ

ಅತ್ತೆಯ ಬೆನ್ನಿಗೆ ಇಟ್ಟದ್ದು ಎಕ್ಕದ ಎಲೆ ಎಂದೇ ಇಷ್ಟು ದಿನ ನನಗೆ ನಾನು ಹೇಳಿಕೊಂಡಿದ್ದೇನೆ, ಆದರೆ ಔಡಲದ ಎಲೆಯೂ ಇದ್ದಿರಬಹುದು. ಹಿತ್ತಲಲ್ಲಿ ಎರಡೂ ಇದ್ದವು. ಹಂಚಿನ ಮೇಲೆ ಬಾಡಿಸಿದ ಎಲೆಯ ಬಿಸಿ ಅಂಗೈಯಲ್ಲಿ ಇನ್ನೂ ಇದೆ ಎಂದು ಬರೆಯಲು ಹೊರಟೆ. ಅದೂ ಖಾತ್ರಿಯಿಲ್ಲ. ಅಂಥ ಎಲೆಗಳನ್ನು ಎಷ್ಟೋ ಸಲ ಹಿಡಿದಿದ್ದೇನೆ. ಇದು ಯಾವ ಸಲದ ಬಿಸಿಯೋ.

ಸಂಶಯವಿಲ್ಲದ್ದು ಇಷ್ಟು. ನನ್ನ ಅಪ್ಪನ ತಂಗಿ, ತಾಂಬಾದ ಅತ್ತೆ, ಕ್ಯಾನ್ಸರ್ ಬೆನ್ನೆಲುಬಿಗೆ ಇಳಿದ ಮೇಲೆ ಇಂಡಿಯಲ್ಲಿ ನಮ್ಮ ಮನೆಯಲ್ಲಿದ್ದಳು. ಗುಳಿಗೆ ನುಂಗಿದರೆ ವಾಂತಿ. ಹಾಗಾಗಿ ಸೊಲ್ಲಾಪುರದ ಡಾಕ್ಟರು ಚರ್ಮಕ್ಕೆ ಅಂಟಿಸುವ ನೋವಿನ ಪಟ್ಟಿ ಬರೆದುಕೊಟ್ಟಿದ್ದರು. ತೆಳ್ಳಗಿನ ಪುಟ್ಟ ತುಂಡು, ಮೂರು ದಿನಕ್ಕೊಂದು. ಔಷಧ ಅದರಿಂದ ಸ್ವಲ್ಪಸ್ವಲ್ಪವೇ ಚರ್ಮ ದಾಟಿ ರಕ್ತಕ್ಕೆ ಸೇರುತ್ತದೆ. ಎದೆಗೆ ಅಂಟಿಸಿದರೆ ಕೆರೆದು ಕಿತ್ತುಕೊಳ್ಳುತ್ತಿದ್ದಳು. ಅದಕ್ಕೆ ಅವಳ ಕೈ ಎಟುಕದ ಕಡೆ, ಬೆನ್ನಿನ ಮೇಲ್ಭಾಗದ ನಟ್ಟನಡುವೆ, ನಾನೇ ಅಂಟಿಸುತ್ತಿದ್ದೆ.

“ಏನೋ ಮಾಸ್ತರ, ಸ್ಟಾಂಪ್ ಹಚ್ಚಾಕತ್ತಿ? ಯಾವೂರಿಗಿ ಕಳಸಾಂವ ನನ್ನ?” ಎನ್ನುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತಣ್ಣೀರಿಗೆ ಒಂದು ಹನಿ ಮಸಿ, ಬಿಸಿನೀರಿಗೆ ಒಂದು ಹನಿ ಮಸಿ. ಬಿಸಿಯಲ್ಲಿ ಬೇಗ ಹರಡುತ್ತದೆ, ನೋಡ್ರಿ ಎಂದು ಪ್ರತಿ ವರ್ಷ ತೋರಿಸುತ್ತೇನೆ.

ಅದೊಂದು ರಜೆಯ ಮಧ್ಯಾಹ್ನ. ಹೆಂಡತಿ ಅಂಗನವಾಡಿಯ ಕೆಲಸಕ್ಕೆ ಹೋಗಿದ್ದಳು. ಹಿಂದಿನ ಸಂಜೆ ಹೊಸ ಪಟ್ಟಿ ಅಂಟಿಸಿದ್ದರೂ ಅತ್ತೆಯ ನರಳಾಟ ನಿಂತಿರಲಿಲ್ಲ.

“ನಿನ್ನ ಪಟ್ಟಿ ಮಕ್ಕೊಂಡೈತೇನೋ? ನನಗ ಮಕ್ಕೊಳಾಕ ಬಿಡವಲ್ದು.”

“ತಡಿ ಅತ್ತಿ, ಕಾಸಿದ್ರ ಒಳಗ ಇಳೀತೈತಿ,” ಎಂದೆ.

ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚಿ, ಮೇಲೆ ಬಾಡಿಸಿದ ಎಲೆ ಕಟ್ಟಿ ಕಾಸದಿದ್ದರೆ ಅದು ಉಪಚಾರವೇ ಅಲ್ಲ. ಮೊಣಕಾಲಿಗೂ ಅಷ್ಟೇ, ಕೂಸಿನ ಎದೆಗೂ ಅಷ್ಟೇ. ಪಟ್ಟಿಗೂ ಹಾಗೇ ಮಾಡಿದೆ. ಎಲೆ, ಅದರ ಮೇಲೆ ಹಳೆಯ ಧೋತರದ ಮಡಿಕೆ, ಅದರ ಮೇಲೆ ಬಿಸಿನೀರಿನ ರಬ್ಬರ್ ಚೀಲ. ಆರಿದಾಗ ನೀರು ಬದಲಿಸಿದೆ. ಎರಡು ಸಲ. ಮೂರೂ ಇರಬಹುದು.

ಔಷಧ ಇಳಿಯಿತು. ನರಳಾಟ ನಿಂತಿತು. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ನನ್ನ ಉಪಾಯಕ್ಕೆ ನಾನೇ ಮೆಚ್ಚಿ, ಪೇಪರು ಓದಿದೆ.

ಹೆಂಡತಿ ಬಂದು ಚಹಾ ಕುಡಿಸಲು ಎಬ್ಬಿಸಿದರೆ ಅತ್ತೆ ಏಳಲಿಲ್ಲ. ತುಟಿ ನೀಲಿಯಾಗಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುವಷ್ಟು ಅಂತರ.

ಹತ್ತಿರದ ದವಾಖಾನೆಯಲ್ಲಿ ಡಾಕ್ಟರು ಪಟ್ಟಿ ಕಿತ್ತು, ಬೆನ್ನು ಒರೆಸಿ, ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಚ್ಚಿದರು. ಚರ್ಮ ಕೆಂಪಗಾಗಿತ್ತು.

“ಯಾರು ಕಾಸ್ಯಾರ್ರಿ ಇದರ ಮ್ಯಾಲೆ? ಹನಿಹನಿ ಹೋಗೂ ಔಷಧ ಒಮ್ಮೆಲೆ ನುಗ್ಗೇತಿ. ಇನ್ನಷ್ಟು ತಡ ಆಗಿದ್ರ ಮುದುಕಿ ಉಳೀತಿದ್ದಿಲ್ಲ.”

“ಆಕೀನ ಕಾಸ್ಕೊಂಡಾಳ್ರಿ,” ಎಂದೆ. “ಬ್ಯಾಡಂದ್ರ ಕೇಳಂಗಿಲ್ರಿ.”

“ಅಲ್ಲಿಗಿ ಆಕಿ ಕೈ ಮುಟ್ಟತೈತೇನ್ರಿ ಸರ?” ಎಂದಳು ಸಿಸ್ಟರ್.

ಅಥವಾ ಏನೂ ಅನ್ನಲಿಲ್ಲ, ಬರೀ ನೋಡಿದಳು. ಆ ಕೋಣೆಯಲ್ಲಿ ಯಾರಾದರೂ ಹಾಗೆ ಕೇಳಬೇಕಿತ್ತೆಂದು ನಾನೇ ಅವಳ ಬಾಯಲ್ಲಿ ಮಾತು ಇಟ್ಟಿರಬೇಕು. ಹೆಂಡತಿ ನನ್ನ ಕಡೆ ತಿರುಗಲಿಲ್ಲ, ಇದು ನಿಜ. ಅತ್ತೆಯ ಕಣ್ಣು ಒಂದು ನೆನಪಿನಲ್ಲಿ ಮುಚ್ಚಿವೆ. ಇನ್ನೊಂದರಲ್ಲಿ ತೆರೆದಿವೆ, ನನ್ನ ಅಂಗಿಯ ಗುಂಡಿ ನೋಡುತ್ತಿವೆ.

ಆಮೇಲೆ ಪಟ್ಟಿಯ ಡಬ್ಬಿಯಲ್ಲಿದ್ದ ಚೀಟಿ ಬಿಡಿಸಿದೆ. ಶಾಖ ತಾಗಿಸಬಾರದೆಂದು ಸ್ಪಷ್ಟವಾಗಿತ್ತು. ಸೊಲ್ಲಾಪುರದ ಡಾಕ್ಟರೂ ಹೇಳಿದ್ದರೇನೋ. ನಾನು “ಹೌದ್ರಿ, ಹೌದ್ರಿ” ಅಂದದ್ದು ನೆನಪಿದೆ, ಯಾವ ಮಾತಿಗೆ ಎಂಬುದಿಲ್ಲ.

ಅತ್ತೆ ನಾಲ್ಕನೆಯ ದಿನ ಮನೆಗೆ ಬಂದಳು. ಪಟ್ಟಿ ಬದಲಿಸುವ ದಿನ ನಾನು ಕೈ ತೊಳೆದು ಬಂದರೆ ಹೆಂಡತಿಯನ್ನು ಕರೆದಳು. “ಮಾಸ್ತರಗ ಸಾಲಿಗಿ ಹೊತ್ತಾಗತೈತಿ. ನೀ ಹಚ್ಚವಾ.”

“ಇವತ್ತ ಆಯ್ತಾರ, ಅತ್ತಿ,” ಎಂದೆ.

“ಹೌದಾ? ಹಂಗಾರ ಮಕ್ಕೊ ಹೋಗು.”

ಆಮೇಲೆ ಯಾವತ್ತೂ ನನ್ನ ಕೈಗೆ ಬೆನ್ನು ಕೊಡಲಿಲ್ಲ. ಸ್ಟಾಂಪಿನ ಚೇಷ್ಟೆ ಹೆಂಡತಿಯೊಡನೆ ನಡೆದಿತ್ತು. ಪಡಸಾಲೆಯಲ್ಲಿ ಕೂತು ಕೇಳುತ್ತಿದ್ದೆ. ನಾನು ಒಳಗೆ ಹೋದರೆ ಊಟ ಆಯಿತೇ ಎಂದು ಮೊದಲಿನಂತೆಯೇ ಕೇಳುತ್ತಿದ್ದಳು. ಎಳ್ಳಮಾವಾಸ್ಯೆಗೆ ಮುಂಚೆ ತೀರಿಕೊಂಡಳು, ಕ್ಯಾನ್ಸರಿನಿಂದಲೇ. ಅಷ್ಟು ದಿನಗಳಲ್ಲಿ ‘ಕಾಸಿದವನು ನಾನು’ ಎಂದು ಡಾಕ್ಟರಿಗಾಗಲಿ, ಅವಳೆದುರಿಗಾಗಲಿ ಒಮ್ಮೆಯೂ ಅನ್ನಲಿಲ್ಲ.

ದವಾಖಾನೆಯಲ್ಲಿ ನಾನಾಡಿದ ಮಾತು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.