ಕೊಟ್ರವ್ವ ಒಂದೊಂದೇ ಮಂಡಕ್ಕಿ ತಿಂದದ್ದು

ದಾವಣಗೆರೆಯವರಿಗೆ ಮಂಡಕ್ಕಿಯನ್ನು ಒಂದೊಂದೇ ತಿನ್ನಿ ಎಂದು ಹೇಳಿ ನೋಡಿ, ನಿಮ್ಮ ತಲೆ ನೆಟ್ಟಗಿದೆಯೇ ಎಂದು ಕೇಳುತ್ತಾರೆ. ಬೊಗಸೆಗಟ್ಟಲೆ ತೆಗೆದು, ಮೆಣಸಿನಕಾಯಿ ಕಚ್ಚಿಕೊಂಡು, ಬಾಯಿಗೆ ಸುರಿದುಕೊಳ್ಳುವ ಊರು ಇದು. ಅಂಥ ಊರಿನ ಕೊಟ್ರವ್ವ, ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ಹುರಿದವಳು, ಹರಿಹರದ ಸರ್ಕಾರಿ ಆಸ್ಪತ್ರೆಯ ಕೋಣೆಯಲ್ಲಿ ಕೂತು ಅಂಗೈ ಮೇಲಿನ ಒಂದೇ ಒಂದು ಮಂಡಕ್ಕಿಯನ್ನು ಪಿಳಿಪಿಳಿ ನೋಡುತ್ತಿದ್ದಳು. ಕೊಟ್ಟವರು ಕೌನ್ಸೆಲಿಂಗ್ ಮಾಡುವ ಪುಷ್ಪಲತಾ ಮೇಡಂ.

ಅವಳು ಅಲ್ಲಿಗೆ ಬಂದದ್ದಕ್ಕೆ ಕಾರಣವಿತ್ತು. ನಬೀ ಸಾಬರ ಭಟ್ಟಿಯಲ್ಲಿ ಅವಳು ಬಾಣಲಿಯ ಮುಂದೆ ನಿಂತು ಕಾದ ಉಸುಕಿನಲ್ಲಿ ಅಕ್ಕಿ ಹುರಿದರೆ, ಗಂಡ ಮಾಳಿಂಗಪ್ಪ ಗೋಡೆಯಾಚೆ ಒಲೆಯ ಬಾಯಿಗೆ ಹೊಟ್ಟು ಹಾಕುತ್ತಿದ್ದ. ಕೊಟ್ರವ್ವನ ಕಿವಿ ಎಂದರೆ ಭಟ್ಟಿಸಾಲಿನಲ್ಲೆಲ್ಲ ಹೆಸರುವಾಸಿ. ಅಕ್ಕಿ ಅರಳುವ ಸದ್ದು ಕೇಳಿಯೇ ಉಸುಕಿನ ಕಾವು ಹೇಳುವಳು. ಹೋದ ವರ್ಷ ಒಂದು ಬೆಳಿಗ್ಗೆ, ಆ ಚಟಪಟ ಸದ್ದಿನ ನಡುವೆಯೇ, ಮಾಳಿಂಗಪ್ಪ ಎದೆ ಹಿಡಿದುಕೊಂಡು ಕುಸಿದ. ಇವಳಿಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಅಕ್ಕಿ ಕೇಳಿಸ್ತು ನಂಗೆ. ಗಂಡ ಕೇಳಿಸ್ಲಿಲ್ಲ," ಎನ್ನುತ್ತಿದ್ದಳು. ಮೂರು ಸಲ ಕೆಲಸಕ್ಕೆ ಹೋದಳು. ಮೂರು ಸಲವೂ ಅಕ್ಕಿ ಚಟಪಟ ಎಂದದ್ದೇ ತಡ, ಉಸಿರು ಕಟ್ಟಿ ಹೊರಗೆ ಓಡಿದಳು. ಆ ಬಾಣಲಿ ಬಿಟ್ಟರೆ ಅವಳಿಗೆ ಬೇರೆ ಬಾಳು ಗೊತ್ತಿರಲಿಲ್ಲ. ನಬೀ ಸಾಬರು ಒಳ್ಳೆಯವರು, "ನಿನ್ನ ಜಾಗಕ್ಕೆ ಯಾರ್ನೂ ಕಾಯಂ ಮಾಡಲ್ಲ ಅಕ್ಕಾ" ಎಂದು ಕಾಯುತ್ತಿದ್ದರು. ಆದರೆ ಎಷ್ಟು ದಿನ ಕಾದಾರು?

ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೆ? ಅದಕ್ಕೇ ಅವಳು ಮನಸ್ಸಿನ ಡಾಕ್ಟರಿಗೆ ತೋರಿಸಿಕೊಳ್ಳಲು ದಾವಣಗೆರೆ ಬಿಟ್ಟು ಹರಿಹರದ ಬಸ್ಸು ಹತ್ತಿದ್ದು. ಹೋಗಿ ನೋಡಿದರೆ ಅದೇ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಪಕ್ಕದ ಭಟ್ಟಿಯ ಸಬಾ ಮುಖ ಮುಚ್ಚಿಕೊಂಡು ಕೂತಿದ್ದಾಳೆ! "ಬಿ.ಪಿ. ತೋರ್ಸಾಕೆ," ಎಂದಳು ಸಬಾ. "ನಂದೂ ಬಿ.ಪಿ.ನೇ," ಎಂದಳು ಕೊಟ್ರವ್ವ. ಆಮೇಲೆ ಇಬ್ಬರೂ ಪ್ರತಿ ಮಂಗಳವಾರ ಒಂದೇ ಸೀಟಿನಲ್ಲಿ ಕೂತು ಬಿ.ಪಿ. ತೋರಿಸಲು ಹೋಗತೊಡಗಿದರು.

ಡಾಕ್ಟರು ಮಾತ್ರೆ ಬರೆದರು. ಪುಷ್ಪಲತಾ ಮೇಡಂ ಕಣ್ಣು ಮುಚ್ಚಿ ಉಸಿರು ನೋಡಿಕೊಳ್ಳಲು ಹೇಳಿದರು. ಕಣ್ಣು ಮುಚ್ಚಿದರೆ ಕೊಟ್ರವ್ವನಿಗೆ ಭಟ್ಟಿಯೇ ಕಾಣುತ್ತಿತ್ತು. "ಹಂಗಾದ್ರ ಕಣ್ಣು ತೆರಕೊಂಡೇ ಇರ್ರಿ," ಎಂದು ಮೇಡಂ ಮುಂದಿನ ವಾರ ಈ ಮಂಡಕ್ಕಿ ತಂದಿದ್ದರು.

"ಮೊದಲನೇ ಸಲ ನೋಡಿದಂಗೆ ನೋಡ್ರಿ ಅಮ್ಮಾ. ಏನ್ ಕಾಣ್ತೈತಿ?"

ಕೊಟ್ರವ್ವ ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದಳು. "ಉಸುಕು ಕಾದಿಲ್ರಿ. ಉಪ್ಪು ಜಾಸ್ತಿ ಆಗೈತೆ. ಯಾವ ಭಟ್ಟೀಲಿ ತಂದ್ರಿ ಇದನ್ನ? ರೊಕ್ಕ ದಂಡ."

ಮೇಡಂಗೆ ನಗು ತಡೆಯಲಾಗಲಿಲ್ಲ. "ತಪ್ಪು ಹುಡುಕಬ್ಯಾಡ್ರಿ. ಅದು ಹೆಂಗೈತೋ ಹಂಗೆ ನೋಡ್ರಿ, ಸಾಕು."

ಸುಲಭದ ಮಾತೇ? ಮೂವತ್ತು ವರ್ಷ ತಪ್ಪು ಹುಡುಕಿಯೇ ಒಳ್ಳೆಯ ಮಂಡಕ್ಕಿ ಮಾಡಿದವಳು ಅವಳು. ಎರಡು ಮಂಗಳವಾರ ಬರೀ ತಪ್ಪು ಹುಡುಕುವುದರಲ್ಲೇ ಹೋದವು. ಮೂರನೆಯ ವಾರ ಸುಮ್ಮನೆ ನೋಡಿದಳು. ಒಂದು ಬದಿಗೆ ಸಣ್ಣ ಗೀರು, ಬೆರಳಿಗೆ ಚೂರು ಉಪ್ಪಿನ ತರಿ. ಹಲ್ಲಿಗೆ ಸಿಕ್ಕಾಗ ಕರುಂ ಎಂದಿತು. ಆ ಸದ್ದಿಗೆ ಎದೆ ಝಲ್ಲೆಂದಿತು.

"ಓಡಿಸಬ್ಯಾಡ್ರಿ ಆ ಹೆದರಿಕೇನ. ಪಾದ ನೆಲದ ಮ್ಯಾಲೈತಲ್ಲ, ಅದನ್ನ ನೋಡ್ರಿ," ಎಂದರು ಮೇಡಂ. ಪಾದದಡಿಯ ನೆಲ ತಣ್ಣಗಿತ್ತು. ಎದೆಬಡಿತ ಏರಿತು, ಒಂದಷ್ಟು ಹೊತ್ತು ಇತ್ತು, ತಾನಾಗಿಯೇ ಇಳಿಯಿತು. ಇಳಿಯುತ್ತದೆ ಎಂಬುದೇ ಅವಳಿಗೆ ಹೊಸ ಸುದ್ದಿ.

ಎರಡು ತಿಂಗಳ ಮೇಲೆ ಮೇಡಂ ಮೆಲ್ಲಗೆ ಕೇಳಿದರು: "ಆವತ್ತಿನ ಬೆಳಿಗ್ಗೇನ ಹಿಂಗೇ ನೋಡಾಕಾಗ್ತೈತಾ ಅಮ್ಮಾ? ತಪ್ಪು ಹುಡುಕದಂಗೆ?"

ಕೊಟ್ರವ್ವ ಅಂಗೈ ಮೇಲಿನ ಮಂಡಕ್ಕಿಯನ್ನು ಮೇಜಿನ ಮೇಲಿಟ್ಟಳು. "ಹೊಗೆ ಇತ್ರಿ. ಸದ್ದು ಇತ್ತು. ಆ ಸದ್ದಿನಾಗೆ ಪಕ್ಕದಾಗಿದ್ದೋರು ಕೂಗಿದ್ರೂ ಕೇಳಲ್ರಿ, ಇನ್ನ ಗೋಡೆ ಆಚೆ..." ತಡೆದಳು. "ಚಾ ಇತ್ತು. ಅವ್ರೇ ತಂದಿಟ್ಟು ಹೋಗಿದ್ರು. ಉಸುಕು ಬೀಳ್ತೈತಂತ ಮ್ಯಾಲೊಂದು ತಟ್ಟೆ ಮುಚ್ಚಿದ್ರು. ದಿನಾ ಮುಚ್ಚೋರು. ಇದೊಂದು ಬಾಣ್ಲಿ ಮುಗೀಲಿ ಅಂದೆ... ಕುಡೀಲೇ ಇಲ್ಲ."

ಇಡೀ ವರ್ಷ ಅವಳ ಕಣ್ಣ ಮುಂದೆ ಇದ್ದದ್ದು ಕುಸಿದು ಬಿದ್ದ ಗಂಡ ಮಾತ್ರ. ತಟ್ಟೆ ಮುಚ್ಚುತ್ತಿದ್ದ ಗಂಡ ಇವತ್ತು ನೆನಪಾದ. ಕೊಟ್ರವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಮೇಡಂ ಗಡಿಯಾರ ನೋಡಲಿಲ್ಲ, "ಅಳಬ್ಯಾಡ್ರಿ" ಎಂದೂ ಅನ್ನಲಿಲ್ಲ. ಆ ಎರಡಕ್ಕೂ ತಾನು ಸಾಯುವವರೆಗೆ ಋಣಿ ಎಂದು ಬಸ್ಸಿನಲ್ಲಿ ಸಬಾಳಿಗೆ ಹೇಳಿದಳು, ಚಹಾದ ಕಥೆಯನ್ನೂ ಹೇಳಿದಳು.

ಮರುವಾರ ಭಟ್ಟಿಗೆ ಹೋದಳು. ನಬೀ ಸಾಬರು ಬಾಣಲಿಯ ಪಕ್ಕಕ್ಕೆ ಸರಿದು ನಿಂತರು. ಅಕ್ಕಿ ಬಿತ್ತು, ಚಟಪಟ ಎಂದಿತು. ಭಯ ಬಂತು. ಪಾದ ನೆಲಕ್ಕೆ ಒತ್ತಿದಳು. ಇಲ್ಲಿಯ ನೆಲ ಬೆಚ್ಚಗಿತ್ತು. ನಿಂತೇ ಇದ್ದಳು. ನಿಂತವಳ ಕಿವಿಗೆ ಅಕ್ಕಿ ಅರಳುವ ಸದ್ದು ಯಾಕೋ ಸಪ್ಪೆ ಎನಿಸಿತು.

"ಸಾಬ್ರೇ, ಕಾವು ಸಾಲ್ದು! ಹೊಟ್ಟು ಹಾಕಿಸ್ರಿ!"

"ಅಲ್ಲಾಹ್, ಬಂದ್ಲಪ್ಪಾ ನಮ್ಮಕ್ಕ!" ಎಂದರು ನಬೀ ಸಾಬರು. ತಾವೇ ಗೋಡೆಯಾಚೆ ಹೋಗಿ ಒಲೆಗೆ ಹೊಟ್ಟು ಹಾಕಿ ಬಂದರು.

ಎರಡನೆಯ ಸಲಕ್ಕೆ ಅಕ್ಕಿ ಸುರಿಯಲು ಕೈ ಎತ್ತಿದಾಗ ಪಕ್ಕದ ಭಟ್ಟಿಯಿಂದ ಸಬಾ ಬಂದು ಕಟ್ಟೆಯ ಮೇಲೆ ಒಂದು ಲೋಟ ಇಟ್ಟು ಹೋದಳು. ಮೇಲೆ ತಟ್ಟೆ ಮುಚ್ಚಿತ್ತು.

"ಸುರೀರಿ ಅಕ್ಕಾ, ಉಸುಕು ಕಾದೈತೆ," ಎಂದರು ಸಾಬರು.

"ತಡೀರಿ. ಮೊದ್ಲು ಚಾ," ಎಂದಳು ಕೊಟ್ರವ್ವ. ಅಕ್ಕಿಯನ್ನು ಕೆಳಗಿಟ್ಟು, ತಟ್ಟೆ ತೆಗೆದು, ಬಿಸಿ ಇರುವಾಗಲೇ ಪೂರ್ತಿ ಕುಡಿದಳು.