ಮೊಣಕೈವರೆಗೆ ಹೋದ ಗೆರೆ

“ಸರ್ ಬೋರ್ಡಿನ ಮ್ಯಾಲ ಏನ್ ಬರದಾರ, ನನ್ನ ಅಂಗೈಯಾಗ ಬೆರಳಿಲೆ ಬರದ್ ತೋರಸ್ರಿ ಅಕ್ಕಾರ” ಎಂದು ಪಕ್ಕದಲ್ಲಿ ಕುಳಿತವರು ಕೈ ಚಾಚಿದಾಗ ನಾನು ತಬ್ಬಿಬ್ಬಾದೆ. ಸಿಂದಗಿಯಲ್ಲಿ ದೂರಶಿಕ್ಷಣದ ಗಣಿತ ಪದವಿಯ ಭಾನುವಾರದ ತರಗತಿ ಅದು. ಮಕ್ಕಳು ದೊಡ್ಡವರಾದ ಮೇಲೆ ಓದಲು ಬಂದವರು ನಾವಿಬ್ಬರೂ. ಲಚ್ಯಾಣದ ಸಂಗೀತ ಶಿಕ್ಷಕಿಯಾದ ಅವರಿಗೆ ಕಣ್ಣು ಕಾಣುವುದಿಲ್ಲ. ಗ್ರಾಫ್ ತಿಳಿಯದಿದ್ದರೆ ಗಣಿತ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವುದಾಗಿ ಬೆಳಿಗ್ಗೆಯೇ ಹೇಳಿದ್ದರು.

ಅವರ ಅಂಗೈಯಲ್ಲಿ ಮೊದಲು ಒಂದು ನೇರ ಗೆರೆ ಎಳೆದೆ. ಆಮೇಲೆ ಅದರತ್ತ ಬಾಗುತ್ತಾ ಬರುವ ಇನ್ನೊಂದನ್ನು ಎಳೆದು ಮಣಿಕಟ್ಟಿನ ಹತ್ತಿರ ನಿಲ್ಲಿಸಿದೆ.

“ಕಡೀಕ ಇದು ಅದನ್ನ ಮುಟ್ಟತೈತೇನ್ರಿ?” ಎಂದು ಕೇಳಿದರು.

“ಇಲ್ರಿ. ಹತ್ತರ ಹತ್ತರ ಹೋಗತೈತಿ, ಆದ್ರ ಎಂದೂ ಮುಟ್ಟೂದಿಲ್ಲ.”

“ಹಂಗಾರ ನೀವ್ಯಾಕ ನಿಂತ್ರಿ?” ಎಂದವರು ಕೈಗಡಿಯಾರ ಬಿಚ್ಚಿ ತೋಳು ಮುಂದೆ ಮಾಡಿದರು. ನನ್ನ ಬೆರಳು ಮೊಣಕೈವರೆಗೂ ಹೋಯಿತು. “ತಿಳೀತ್ರಿ” ಎಂದು ಅವರು ನಕ್ಕರು.

ಅವರು ಗಣಿತ ಬಿಡಲಿಲ್ಲ. ಮುಂದಿನ ತರಗತಿಗೆಂದು ನಾನು ರಟ್ಟಿನ ಮೇಲೆ ದಾರ ಅಂಟಿಸಿ ಅವರಿಗಾಗಿ ಗ್ರಾಫ್ ಮಾಡಲು ಕುಳಿತೆ. ದಾರವನ್ನು ಎಲ್ಲಿ ಬಗ್ಗಿಸಬೇಕು, ಅಲ್ಲಿಯೇ ಏಕೆ ಎಂಬುದು ನನಗೇ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಬೋರ್ಡ್ ನೋಡಿ ಬರೆದುಕೊಂಡಿದ್ದೆ ಅಷ್ಟೇ. ದಾರ ಕೆಳಗಿಟ್ಟು ಪುಸ್ತಕ ತೆರೆದೆ.