ನೇರಳೆ ದಾರದ ಗುರುತು

“ನಮ್ಮಕ್ಕನ್ನ ಬಿಡೋಕೆ ಮೂರು ಆರೈಕೆ ಮನೆ ನೋಡ್ದೆ ನಾನು. ಮೊದಲನೇದು ಕನ್ನಡಿ ಥರ ಹೊಳೀತಿತ್ತು. ನೆಲದಲ್ಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು, ಹಾಗಿತ್ತು. ನನ್ನ ಮಗಳು ‘ಅಮ್ಮಾ, ಇದೇ ಸಾಕು, ಇನ್ನೇನು ನೋಡೋದು’ ಅಂದ್ಲು. ನಾನು ‘ಬಟ್ಟೆ ಎಲ್ಲಿ ಇಡ್ತೀರಿ, ತೋರ್ಸಿ’ ಅಂದೆ. ಅವರು ಮುಖ ಮುಖ ನೋಡ್ಕೊಂಡ್ರು. ಆಮೇಲೆ ತೋರ್ಸಿದ್ರು. ದೊಡ್ಡ ಬೀರು, ಅದರ ತುಂಬ ಒಂದೇ ಥರದ ತಿಳಿನೀಲಿ ಗೌನು. ಇದ್ರಲ್ಲಿ ಯಾರ್ದು ಯಾವ್ದು ಅಂತ ಕೇಳಿದ್ರೆ, ‘ಯಾರ್ದಾದ್ರೇನಮ್ಮ, ಎಲ್ಲಾ ತೊಳ್ದಿರೋದೇ’ ಅಂದ್ಲು ಅಲ್ಲಿದ್ದ ಹುಡುಗಿ. ಸುಳ್ಳು ಹೇಳ್ಲಿಲ್ಲ ಪಾಪ, ತೊಳ್ದಿದ್ದು ನಿಜಾನೇ. ಆದ್ರೆ ತನ್ನ ಹೆಸರೇ ಮರೆತೋರಿಗೆ ಮೈಮೇಲಿನ ಅಂಗೀನೂ ತನ್ನದಲ್ಲ ಅಂದ್ರೆ ಇನ್ನೇನು ಉಳೀತು ಹೇಳಿ? ಎರಡನೇ ಮನೇಲಿ ಬಟ್ಟೆ ಚೆನ್ನಾಗಿತ್ತು, ಕಣ್ಣು ಚೆನ್ನಾಗಿರ್ಲಿಲ್ಲ. ಒಬ್ಬ ಅಜ್ಜ ಅಂಗಿ ಗುಂಡಿ ತಪ್ಪಾಗಿ ಹಾಕ್ಕೊಂಡು ಕೂತಿದ್ದ, ಒಂದು ಮೇಲೆ, ಒಂದು ಕೆಳಗೆ. ನಾಲ್ಕು ಜನ ಅವನ ಮುಂದೇನೇ ಓಡಾಡಿದ್ರು, ಒಬ್ರ ಕಣ್ಣಿಗೂ ಅದು ಬೀಳ್ಲಿಲ್ಲ. ನಾನೇ ಹೋಗಿ ಸರಿ ಮಾಡಿ ಬಂದೆ. ಮೂರನೇದು ಊರಾಚೆ, ಬಸ್ಸು ಕೊನೇ ಸ್ಟಾಪು. ಗೋಡೆ ಬಣ್ಣ ಉದುರ್ತಿತ್ತು. ಹಿತ್ತಲಲ್ಲಿ ಹಗ್ಗದ ತುಂಬ ಬಟ್ಟೆ. ನಮ್ಮಕ್ಕ ಗೇಟು ದಾಟಿದ್ದೇ ತಡ, ಸೀದಾ ಅಲ್ಲಿಗೆ ಹೋಗಿ ಒಣಗಿರೋದನ್ನ ತೆಗೆದು ಮಡಚೋಕೆ ಶುರು ಮಾಡಿದ್ಲು. ಬಟ್ಟೆ ಒಗೆಯೋಳು ಓಡಿ ಬಂದ್ಲು. ಇನ್ನೇನು ‘ಮುಟ್ಬೇಡ’ ಅಂತಾಳೆ ಅಂದ್ಕೊಂಡೆ. ಅವಳು ಹಗ್ಗದ ಆ ತುದಿಯಿಂದ ತಾನೂ ತೆಗೀತಾ ಬಂದ್ಲು. ಅಷ್ಟೇ. ನಾನು ಮಗಳಿಗೆ ‘ಇದೇ’ ಅಂದೆ.”

ಯಾರು ಕೇಳಿದರೂ ಇಸ್ತ್ರಿ ಚಿಕ್ಕಮ್ಮ ಇಷ್ಟನ್ನು ಒಂದೇ ಉಸಿರಿಗೆ ಹೇಳುತ್ತಾಳೆ. ಹೇಳುವಾಗಲೂ ಕೈ ನಿಲ್ಲುವುದಿಲ್ಲ, ಅಂಗಿಯ ತೋಳು ಮುಗಿದು ಕಾಲರಿಗೆ ಬಂದಿರುತ್ತದೆ. ಆ ಬೀದಿಯಲ್ಲಿ ಮರೆವಿನ ಕಾಯಿಲೆ ಬಂದವರು ಮನೆಗೊಬ್ಬರಂತೆ ಇದ್ದಾರೋ ಏನೋ, ಕೇಳಲು ಬರುವವರಿಗೆ ಕೊರತೆಯಿಲ್ಲ. ಆದರೆ ಆಮೇಲಿನ ಹತ್ತು ದಿನದ ಕತೆಯನ್ನು ಅವಳು ಎಲ್ಲರಿಗೂ ಹೇಳುವುದಿಲ್ಲ. ಅದರಲ್ಲಿ ತಪ್ಪು ಅವಳದೇ.

ಅಂಗಡಿಯೇನೂ ದೊಡ್ಡದಲ್ಲ. ಬೀದಿ ಮೂಲೆಯಲ್ಲಿ ಒಂದು ಕೋಣೆ, ಕಂಬಳಿ ಹೊದಿಸಿದ ಉದ್ದನೆ ಮೇಜು, ಗೋಡೆಗೆ ಗೂಡು ಗೂಡಾಗಿ ಹಲಗೆ. ಅದನ್ನು ಕಟ್ಟಿದವಳು ಅಕ್ಕ. ಇದ್ದಿಲು ಇಸ್ತ್ರಿಪೆಟ್ಟಿಗೆಯ ಕಾಲದಿಂದ ಅಲ್ಲಿ ನಿಂತವಳು. ತಂಗಿ ಬಂದದ್ದು ಗಂಡ ತೀರಿಕೊಂಡ ಮೇಲೆ, ಎರಡು ತಿಂಗಳ ಕೂಸನ್ನು ಎತ್ತಿಕೊಂಡು. ಅಕ್ಕ ಏನೂ ಕೇಳಲಿಲ್ಲ. ಮೇಜಿನ ಕೆಳಗೆ ಹಳೆ ಕಂಬಳಿ ಹಾಸಿ, “ಮಗು ಇಲ್ಲಿ ಮಲಗ್ಲಿ. ನೀನು ಗುರುತು ಹಾಕೋದು ಕಲಿ” ಅಂದಳು. ಅಂದಿನಿಂದ ಬೀದಿಯವರಿಗೆ ಒಬ್ಬಳು ಇಸ್ತ್ರಿ ದೊಡ್ಡಮ್ಮ, ಇನ್ನೊಬ್ಬಳು ಇಸ್ತ್ರಿ ಚಿಕ್ಕಮ್ಮ.

ಗುರುತು ಎಂದರೆ ದಾರದ ಹೊಲಿಗೆ. ಬಟ್ಟೆಯ ಒಳ ಅಂಚಿನಲ್ಲಿ, ಹಾಕಿಕೊಂಡವರಿಗೂ ಕಾಣದ ಜಾಗದಲ್ಲಿ. ಮೇಷ್ಟ್ರ ಮನೆಗೆ ಕೆಂಪು ಕತ್ತರಿ ಗೆರೆ, ಡಾಕ್ಟರ ಮನೆಗೆ ಹಸಿರು ಎರಡು ಗೆರೆ, ಮೂಲೆಮನೆ ಮುದುಕನಿಗೆ ಹಳದಿ ಚುಕ್ಕಿ. ಇಬ್ಬರಿಗೂ ಓದು ಬರಹ ಅಷ್ಟಕ್ಕಷ್ಟೆ, ಆದರೆ ನೂರ ಇಪ್ಪತ್ತು ಮನೆಗಳ ಬಟ್ಟೆ ಒಂದು ದಿನವೂ ಅದಲುಬದಲಾದದ್ದಿಲ್ಲ. ಅಕ್ಕ ಗಿರಾಕಿಗಳನ್ನು ಕರೆಯುತ್ತಿದ್ದದ್ದೂ ಗುರುತಿನಿಂದಲೇ. “ಹಸಿರೋರು ಬಂದ್ರಾ? ಹಳದಿಯೋರ ಕೆಮ್ಮು ಹೇಗಿದೆಯಂತೆ?”

ಅಂಗಡಿಗೆ ಒಂದೇ ಒಂದು ಕಾನೂನು. ಗುರುತು ಬಿದ್ದ ಬಟ್ಟೆ ಗಿರಾಕಿಯದು, ಅದನ್ನು ಮೈಗೆ ಹಾಕಬಾರದು. ಒಂದು ಚಳಿಗಾಲದ ಬೆಳಿಗ್ಗೆ ಹಾಲು ತರಲು ಹೊರಟ ತಂಗಿ ಡಾಕ್ಟರ ಹೆಂಡತಿಯ ಸ್ವೆಟರ್ ಏರಿಸಿಕೊಂಡು ಹೋಗಿ ಬಂದಳು. ಹೋಗಿ ಬರಲು ಐದೇ ನಿಮಿಷ. ಅಕ್ಕ ಅವಳನ್ನು ಆ ಸ್ವೆಟರಿನ ಜೊತೆಗೇ ಡಾಕ್ಟರ ಮನೆ ಬಾಗಿಲಿಗೆ ಕಳಿಸಿ ತಪ್ಪೊಪ್ಪಿಸಿದಳು. ಡಾಕ್ಟರ ಹೆಂಡತಿ ನಕ್ಕುಬಿಟ್ಟರು. ಅಕ್ಕ ಮಾತ್ರ ಮೂರು ದಿನ ಮಾತು ಬಿಟ್ಟಳು.

ಇಂಥ ಅಕ್ಕನಿಗೆ ಎಪ್ಪತ್ತನ್ನು ದಾಟಿದ ಮೇಲೆ ಮರೆವು ಹತ್ತಿತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಬಟ್ಟೆ ಗಂಟು ಹೊತ್ತುಕೊಂಡು, ಊರು ಬಿಟ್ಟು ಇಪ್ಪತ್ತು ವರ್ಷವಾದ ಗಿರಾಕಿಯ ಮನೆ ಹುಡುಕುತ್ತ ಹೊರಟುಬಿಡುವಳು. ಒಮ್ಮೆ ಬಸ್ ನಿಲ್ದಾಣದಲ್ಲಿ ಸಿಕ್ಕಳು, ಒಮ್ಮೆ ರೈಲು ಹಳಿಯ ಪಕ್ಕದಲ್ಲಿ. ಇಸ್ತ್ರಿಯ ಕಾವು ನೋಡಲು ಒದ್ದೆ ಬೆರಳು ತಾಗಿಸುವುದು ಅಭ್ಯಾಸ. ಒಂದು ದಿನ ಅಕ್ಕ ಇಡೀ ಅಂಗೈಯನ್ನೇ ಒತ್ತಿ ಹಿಡಿದಳು. ತಂಗಿ ಓಡಿಹೋಗಿ ಕೈ ಕಿತ್ತು ತೆಗೆಯಬೇಕಾಯಿತು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ತಂಗಿಯನ್ನು “ಪುಟ್ಟೀ” ಎಂದು ಕರೆಯುವುದೂ ನಿಂತಿತ್ತು. “ಯಾರಮ್ಮ ನೀನು, ಹೊಸಬಳಾ?” ಎಂದು ಕೇಳುವಳು. ಚಿಕ್ಕಮ್ಮ “ಹೂಂ, ಹೊಸಬಳು. ಕೆಲಸ ಕಲಿಸ್ತೀರಾ?” ಎಂದು ನಗಿಸಿ, ಅಂಗಡಿಯ ಹಿಂಬದಿಗೆ ಹೋಗಿ ಮೂಗು ಒರೆಸಿಕೊಳ್ಳುವಳು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಕಡ್ಡಿ ಮುರಿದಂತೆ ಹೇಳಿದಳು. “ಅಮ್ಮಾ, ನೀನು ಒಂದು ಕಣ್ಣು ಇಸ್ತ್ರಿ ಮೇಲೆ, ಒಂದು ಕಣ್ಣು ದೊಡ್ಡಮ್ಮನ ಮೇಲೆ ಇಟ್ರೆ ಇಬ್ರೂ ಸುಟ್ಕೋತೀರಿ. ಆರೈಕೆ ಮನೆ ನೋಡೋಣ.” ಹಾಗೆ ನೋಡಿದ್ದು ಆ ಮೂರು ಮನೆ.

ಮೂರನೆಯ ಮನೆಯ ಮೇಲ್ವಿಚಾರಕಿ ತೆಳ್ಳನೆಯ, ಮೆಲುದನಿಯ ಹೆಂಗಸು. ಅವರು ಎರಡು ಮಾತು ಹೇಳಿದರು. ಮೊದಲ ಎರಡು ವಾರ ಪರೀಕ್ಷೆ. ಒಗ್ಗಿದರೆ ಇರಬಹುದು, ಒಗ್ಗದಿದ್ದರೆ ತಾವು ಇಟ್ಟುಕೊಳ್ಳುವ ಹಾಗಿಲ್ಲ, ಇದು ಆಸ್ಪತ್ರೆಯಲ್ಲ. ಇನ್ನೊಂದು, ತರುವ ಬಟ್ಟೆಗೆಲ್ಲ ಗುರುತು ಇರಬೇಕು. ಇಪ್ಪತ್ತೆರಡು ಜನರ ಬಟ್ಟೆ ಒಟ್ಟಿಗೆ ಒಗೆಯುವುದು.

“ಗುರುತಾ? ಅದನ್ನ ನನಗೆ ಬಿಡಿ ಮೇಡಂ” ಎಂದು ಚಿಕ್ಕಮ್ಮ ನಕ್ಕಳು.

ಮನೆಗೆ ಬಂದು ದಾರದ ಡಬ್ಬಿ ತೆಗೆದಳು. ಅದರಲ್ಲಿ ಯಾವ ಗಿರಾಕಿಗೂ ಕೊಡದೆ ಉಳಿದಿದ್ದ ನೇರಳೆ ಬಣ್ಣದ ಉಂಡೆಯೊಂದಿತ್ತು. ಅಕ್ಕನ ಹೂವಿನ ಗೌನು, ಬೂದು ಸ್ವೆಟರ್, ಒಳಬಟ್ಟೆ, ಟವೆಲ್ಲು, ಕಾಲುಚೀಲ ಯಾವುದನ್ನೂ ಬಿಡದೆ, ಒಳ ಅಂಚಿಗೆ ಮೂರು ಮೂರು ನೇರಳೆ ಹೊಲಿಗೆ ಹಾಕಿದಳು. ಎರಡು ಮಧ್ಯಾಹ್ನ ಹಿಡಿಯಿತು. ಇಷ್ಟು ಚಂದದ ಗುರುತನ್ನು ತಾನು ಯಾರಿಗೂ ಹಾಕಿಲ್ಲ ಎಂದು ಅವಳಿಗೇ ಅನ್ನಿಸಿತು.

ಬಿಟ್ಟು ಬಂದ ಮೂರನೆಯ ದಿನ ಫೋನು ಬಂತು. ದೊಡ್ಡಮ್ಮ ಉಟ್ಟ ಬಟ್ಟೆ ಬದಲಿಸುತ್ತಿಲ್ಲ. ಸ್ನಾನಕ್ಕೂ ಏಳುತ್ತಿಲ್ಲ, ಎದ್ದರೆ ಬೇರೆ ಬಟ್ಟೆ ಹಾಕಬೇಕಲ್ಲ, ಅದಕ್ಕೆ. ಬಲವಂತ ಮಾಡಿದರೆ ಕೈ ತಳ್ಳುತ್ತಾಳೆ.

“ಒಗ್ಗೋಕೆ ಸ್ವಲ್ಪ ದಿನ ಬೇಕು. ಈ ವಾರ ನೀವು ಬರದಿದ್ರೇನೇ ಒಳ್ಳೇದು” ಎಂದರು ಮೇಲ್ವಿಚಾರಕಿ.

ಆರನೆಯ ದಿನವೂ ಅದೇ ಮಾತು. ಒಂಬತ್ತನೆಯ ದಿನ ಅವರ ದನಿ ಇನ್ನೂ ಮೆಲ್ಲಗಾಯಿತು. “ನಮ್ಮ ಕೈಲಿ ಆಗಲ್ಲ ಅನ್ಸುತ್ತೆ ಅಮ್ಮ. ಒಂದೇ ಬಟ್ಟೇಲಿ ಕೂತ್ರೆ ಚರ್ಮಕ್ಕೂ ಕೆಡುಕು. ನೀವು ಮೊದಲು ನೋಡಿದ್ರಲ್ಲ, ದೊಡ್ಡ ಮನೆ, ಅಲ್ಲಿ ನರ್ಸುಗಳು ಹೆಚ್ಚು.”

ಚಿಕ್ಕಮ್ಮನ ಕಣ್ಣ ಮುಂದೆ ತಿಳಿನೀಲಿ ಗೌನಿನ ಬೀರು ಬಂದು ನಿಂತಿತು. ಆ ದಿನ ಅವಳ ಕೈಯಲ್ಲಿ ಒಂದು ಅಂಗಿಯ ಬೆನ್ನು ಕಂದಿತು. ನಲವತ್ತು ವರ್ಷದಲ್ಲಿ ಅದು ಎರಡನೆಯದೋ ಮೂರನೆಯದೋ.

“ಕರ್ಕೊಂಡು ಬಂದ್ಬಿಡೋಣ ಅಮ್ಮಾ. ನಾನು ಕೆಲಸ ಬಿಡ್ತೀನಿ” ಅಂದಳು ಮಗಳು.

“ನೀನು ಬಿಟ್ರೆ ನಿನ್ನ ದೊಡ್ಡಮ್ಮ ನನ್ನ ತಲೆ ಒಡೀತಾಳೆ. ನಿನಗೆ ಆ ಕೆಲಸ ಸಿಕ್ಕ ದಿನ ಬೀದಿಗೆಲ್ಲ ಹೇಳ್ಕೊಂಡು ಬಂದೋಳು ಅವಳು. ಸುಮ್ಮನಿರು. ನಾಳೆ ಹೋಗಿ ಕೂತ್ಕೋತೀನಿ. ಮಾತಾಡಲ್ಲ, ಬರೀ ಕೂತ್ಕೋತೀನಿ.”

ಹತ್ತನೆಯ ದಿನ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಚಿಕ್ಕಮ್ಮ ಕೊನೇ ಸ್ಟಾಪಿಗೆ ಹೋದಳು. ಅಕ್ಕ ಮಂಚದ ತುದಿಯಲ್ಲಿ ಕೂತಿದ್ದಳು. ಬಂದ ದಿನ ಉಟ್ಟಿದ್ದ ಗೌನೇ, ಹೊಸದು, ಅವಸರದಲ್ಲಿ ಮಗಳು ತಂದುಕೊಟ್ಟದ್ದು. ಚಿಕ್ಕಮ್ಮ ಕುರ್ಚಿ ಎಳೆದುಕೊಂಡು ಕೂತಳು. ಬಟ್ಟೆ ಒಗೆಯುವಾಕೆ ಬಾಗಿಲಲ್ಲಿ ತಲೆ ಹಾಕಿ, “ನೋಡಿ ಅಮ್ಮ, ದಿನಾ ಇದೇ ಆಟ. ನಾನು ಬೀರುನಲ್ಲಿ ಇಡ್ತೀನಿ, ಇವರು ತೆಗೀತಾರೆ” ಅಂದಳು.

ಹೌದು, ಅಕ್ಕ ಎದ್ದು ಬೀರು ತೆಗೆದಳು. ಒಂದೊಂದೇ ಬಟ್ಟೆ ಎಳೆದು ಅಂಚನ್ನು ಮಗುಚಿ ನೋಡಿದಳು. ಮಡಿಕೆ ಸರಿಮಾಡಿ, ಒಂದರ ಮೇಲೊಂದು ಪೇರಿಸಿ, ಮೇಲೆ ಟವೆಲ್ಲು ಹೊದಿಸಿ ಗಂಟು ಕಟ್ಟಿದಳು. ಸುಟ್ಟ ಕಲೆಯಿದ್ದ ಕೈ ಎರಡು ಸುತ್ತು ಸುತ್ತಿ ಒಂದು ತುದಿಯನ್ನು ಕಿವಿಯಂತೆ ಹೊರಗೆ ಬಿಟ್ಟಿತು. ಆ ಗಂಟು ಚಿಕ್ಕಮ್ಮನಿಗೆ ಗೊತ್ತು. ಗಿರಾಕಿ ಮನೆಗೆ ಹೋಗುವ ಗಂಟು.

“ಯಾರ ಬಟ್ಟೆ ಇದು?” ಎಂದು ಮೆಲ್ಲಗೆ ಕೇಳಿದಳು.

“ನೇರಳೆಯೋರ್ದು. ಹೊಸ ಗಿರಾಕಿ ಇರ್ಬೇಕು. ಎಷ್ಟು ದಿನ ಆಯ್ತು, ಒಬ್ಬರಾದ್ರೂ ಬಂದು ತಗೊಂಡು ಹೋಗ್ಬಾರ್ದಾ? ಇವರು ಬೇರೆ, ಹಾಕ್ಕೋ ಹಾಕ್ಕೋ ಅಂತ ಜೀವ ತಿಂತಾರೆ.”

“ಹಾಕ್ಕೊಂಡ್ರೆ ಏನಾಗುತ್ತೆ?”

ಅಕ್ಕ ತಿರುಗಿ ನೋಡಿದಳು. ಹಳೆಯ ಕೋಪ ಮೂಗಿನ ತುದಿಗೆ ಬಂದಿತ್ತು. “ನಾಚಿಕೆ ಇಲ್ವಾ ನಿನಗೆ? ಅವತ್ತು ಹಸಿರೋರ ಸ್ವೆಟರ್ ಹಾಕ್ಕೊಂಡು ಮೆರ್ದು ಬಂದ್ಯಲ್ಲ, ಸಾಕಾಗ್ಲಿಲ್ವಾ ಪುಟ್ಟೀ?”

ಚಿಕ್ಕಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಯಾವುದಕ್ಕೂ ಅದು ಸಮಯವಲ್ಲ. ಅಕ್ಕನಿಗೆ ತೊಡಿಸಲೆಂದು ತಂದ ಬಟ್ಟೆಯನ್ನೆಲ್ಲ ತಾನೇ ಕೈಯಾರೆ ಗಿರಾಕಿಯ ಬಟ್ಟೆ ಮಾಡಿ ಕಳಿಸಿದ್ದಳು. ಅಂಗಡಿಯಲ್ಲಿ ಅವರಿಬ್ಬರ ಸ್ವಂತ ಬಟ್ಟೆಗೆ ಎಂದಾದರೂ ಗುರುತು ಇತ್ತೇ? ಅವಸರದಲ್ಲಿ ಗುರುತು ಬೀಳದೆ ಉಳಿದದ್ದು ಅಕ್ಕನ ಮೈಮೇಲಿದ್ದ ಆ ಹೊಸ ಗೌನು ಒಂದೇ. ಹೆಸರುಗಳು ಹೋಗಿದ್ದವು, ದಾರಿಗಳು ಹೋಗಿದ್ದವು, ಅಂಗಡಿಯ ಕಾನೂನು ಮಾತ್ರ ಅಲ್ಲಾಡದೆ ನಿಂತಿತ್ತು.

“ತಪ್ಪಾಯ್ತಕ್ಕ” ಎಂದಳು. “ಕೊಡು ಇಲ್ಲಿ. ನೇರಳೆಯೋರ ಮನೆ ನನಗೆ ಗೊತ್ತು. ಕೊಟ್ಟು ಬರ್ತೀನಿ.”

“ಕೈಗೇ ಕೊಡು. ಬಾಗಿಲಲ್ಲಿ ಇಟ್ಟು ಬರ್ಬೇಡ.”

“ಕೈಗೇ ಕೊಡ್ತೀನಿ.”

ಗಂಟನ್ನು ಸೊಂಟಕ್ಕೆ ಏರಿಸಿಕೊಂಡು ಚಿಕ್ಕಮ್ಮ ಸೀದಾ ಹಿತ್ತಲಿಗೆ ಹೋದಳು. ಅಕ್ಕನ ಕಣ್ಣಿಗೆ ಬೀಳಬಾರದು. ಗಿರಾಕಿಯ ಗುರುತು ಕೀಳುವುದೆಂದರೆ ಅಕ್ಕನ ಲೆಕ್ಕದಲ್ಲಿ ಕಳ್ಳತನಕ್ಕಿಂತ ಒಂದು ಮೆಟ್ಟಿಲು ಮೇಲೆ. ಒಗೆಯುವ ಕಲ್ಲಿನ ಪಕ್ಕ ಕೂತು ಚೀಲದಿಂದ ಚಿಕ್ಕ ಕತ್ತರಿ ತೆಗೆದಳು.

“ಅಯ್ಯೋ, ಗುರುತು ಕಿತ್ರೆ ನಾನು ಹೇಗೆ ಕಂಡುಹಿಡೀಲಿ ಅಮ್ಮ?” ಎಂದು ಬಟ್ಟೆ ಒಗೆಯುವಾಕೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಇಲ್ಲಿ ಎಷ್ಟು ಜನ ಇದ್ದಾರೆ?”

“ನಿಮ್ಮಕ್ಕನೂ ಸೇರಿ ಇಪ್ಪತ್ತೆರಡು.”

“ಇಪ್ಪತ್ತೊಂದು ಜನರ ಬಟ್ಟೆಗೆ ಗುರುತಿರುತ್ತೆ. ಏನೂ ಇಲ್ದೇ ಇರೋದು ನಮ್ಮಕ್ಕಂದು.”

ಒಗೆಯುವಾಕೆ ಬೆರಳು ಮಡಚಿ ಲೆಕ್ಕ ಹಾಕಿದಳು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕು, ಪಕ್ಕದಲ್ಲೇ ಕುಕ್ಕರಿಸಿದಳು. “ಕೊಡಿ, ಕಾಲುಚೀಲ ನಾನು ಬಿಚ್ತೀನಿ. ಇಷ್ಟು ಗಟ್ಟಿಯಾಗಿ ಯಾಕೆ ಹೊಲಿದ್ರಿ? ಯಾರು ಕದೀತಾರೆ ಇದನ್ನ?”

“ಪ್ರೀತಿಗೆ ಹೊಲಿದೆ ಕಣೇ. ಕೈ ಬಿಗಿಯಾಯ್ತು.”

ನೇರಳೆ ದಾರದ ಚೂರುಗಳು ಕಲ್ಲಿನ ಮೇಲೆ ರಾಶಿ ಬಿದ್ದವು. ಮಧ್ಯಾಹ್ನದ ಹೊತ್ತಿಗೆ ಚಿಕ್ಕಮ್ಮ ಬರಿ ಅಂಚಿನ ಬಟ್ಟೆಗಳನ್ನು ಬೀರುವಿನಲ್ಲಿ ಜೋಡಿಸಿಟ್ಟು ಪಕ್ಕಕ್ಕೆ ಸರಿದಳು. ಅಕ್ಕ ಬಂದಳು. ಹೂವಿನ ಗೌನು ಎಳೆದಳು, ಅಂಚು ಮಗುಚಿದಳು, ಇನ್ನೊಂದು ಅಂಚನ್ನೂ ಮಗುಚಿದಳು. ಬಾಗಿಲಲ್ಲಿ ಮೇಲ್ವಿಚಾರಕಿ ನಿಂತು ನೋಡುತ್ತಿದ್ದರು.

“ಇದು ನಂದು” ಅಂದಳು ಅಕ್ಕ. “ಎಲ್ಲಿ ಹೋಗಿತ್ತು ಇಷ್ಟು ದಿನ?” ಎಂದು ಗೌನನ್ನು ತೋಳಿಗೆ ಹಾಕಿಕೊಂಡು ತಾನೇ ಸ್ನಾನದ ಮನೆ ಕಡೆಗೆ ನಡೆದಳು.

ಎರಡು ವಾರ ತುಂಬಿದ ದಿನ ಮೇಲ್ವಿಚಾರಕಿ ಕಾಗದಕ್ಕೆ ಸಹಿ ಹಾಕಿಸಿಕೊಂಡರು. “ಗುರುತು ಕಡ್ಡಾಯ ಅಂತ ನಾನೇ ಹೇಳಿದ್ದು. ಯಾಕೆ ಬೇಡ ಅಂತಾರೆ ಅಂತ ಒಂದು ಮಾತು ಕೇಳ್ಲಿಲ್ಲ ನೋಡಿ” ಎಂದು ಪೇಚಾಡಿಕೊಂಡರು.

“ನೀವೇನು ಮಾಡ್ತೀರಿ ಮೇಡಂ, ಹೊಲಿದೋಳಿಗೇ ಹೊಳೀಲಿಲ್ಲ” ಅಂದಳು ಚಿಕ್ಕಮ್ಮ.

ಮರೆವು ಹಿಂದಕ್ಕೆ ಹೋಗುವ ಕಾಯಿಲೆಯಲ್ಲ, ಅದು ಅವಳಿಗೆ ಗೊತ್ತು. ಪುಟ್ಟಿ ಎಂದು ಕರೆಯುವ ದಿನಗಳು ಬೆರಳೆಣಿಕೆಯವು. ಉಳಿದ ದಿನ ಅವಳು ಹೊಸಬಳೇ. ಆದರೆ ಅಕ್ಕನ ಮುಖ ತುಂಬಿಕೊಂಡಿದೆ, ಅಂಗೈ ಮೆತ್ತಗಾಗಿದೆ, ಹಿತ್ತಲ ಹಗ್ಗಕ್ಕೆ ಈಗ ಅವಳೇ ಯಜಮಾನಿ. ಚಿಕ್ಕಮ್ಮ ವಾರಕ್ಕೆ ಮೂರು ಮಧ್ಯಾಹ್ನ ಅಂಗಡಿ ಮುಚ್ಚಿ ಕೊನೇ ಸ್ಟಾಪಿಗೆ ಬರುತ್ತಾಳೆ. ಗೇಟು ದಾಟುವ ಮೊದಲೇ ದನಿ ಕೇಳಿಸುತ್ತದೆ.

“ಏ ಹೊಸಬಳೇ, ಈಗ ಬಂದ್ಯಾ? ಬಿಸಿಲು ಇಳೀತು. ಹಿಡಿ ಈ ಕಡೆ.”

ಚಿಕ್ಕಮ್ಮ ಚೀಲವನ್ನು ಕಲ್ಲಿನ ಮೇಲಿಟ್ಟು ಹಾಸಿಗೆ ಹೊದಿಕೆಯ ಎರಡು ಮೂಲೆ ಹಿಡಿಯುತ್ತಾಳೆ. ಆ ಕಡೆಯ ಎರಡು ಮೂಲೆ ಅಕ್ಕನ ಕೈಯಲ್ಲಿ.

“ಎಳಿ. ಇನ್ನೂ ಎಳಿ. ಸುಕ್ಕು ಹೋಗ್ಲಿ.”

“ಎಳೀತಿದ್ದೀನಲ್ಲಕ್ಕ.”

“ಎಲ್ಲಿ ಎಳೀತೀಯ, ಊಟ ಮಾಡಿದ್ಯೋ ಇಲ್ವೋ?”

ಬಟ್ಟೆ ಪಟ್ಟೆಂದು ಬಿಗಿಯಾಗುತ್ತದೆ. ಇಬ್ಬರೂ ನಾಲ್ಕು ಹೆಜ್ಜೆ ಮುಂದೆ ಬಂದು ಮೂಲೆಗೆ ಮೂಲೆ ಸೇರಿಸುತ್ತಾರೆ. ಅಕ್ಕ ಅದನ್ನು ಮಡಚಿ, ಅಂಚು ತಿರುಗಿಸಿ ನೋಡಿ, ಸರಿಯಾದ ರಾಶಿಯ ಮೇಲಿಟ್ಟು, ಹಗ್ಗದಿಂದ ಮುಂದಿನ ಹೊದಿಕೆ ಎಳೆದುಕೊಳ್ಳುತ್ತಾಳೆ.